ದೈವದ ನ್ಯಾಯವನ್ನು ನಂಬುವುದೆಂದರೆ

ಕಷ್ಟಕಾಲದಲ್ಲಿ ನಮ್ಮ ಜನ ಆಡುವ ಎರಡು ಮಾತುಗಳನ್ನು ನೀವೆಲ್ಲರೂ ಕೇಳಿರುತ್ತೀರಿ. ತನಗೆ ಅನ್ಯಾಯವಾದಾಗ, "ಮೇಲೆ ದೇವರೊಬ್ಬನಿದ್ದಾನೆ, ನೋಡಿಕೊಳ್ಳುತ್ತಾನೆ" ಎನ್ನುವುದು ಒಂದು. ನೆರೆಮನೆಯವರಿಗೆ ಕೇಡು ಬಂದಾಗ, "ಮಾಡಿದ್ದುಣ್ಣೋ ಮಹರಾಯ" ಎನ್ನುವುದು ಇನ್ನೊಂದು. ದೈವದ ನ್ಯಾಯದಲ್ಲಿ ನಂಬಿಕೆಯಿಟ್ಟವರೇ ಈ ಎರಡು ಮಾತನ್ನೂ ಆಡುತ್ತಾರೆ. ಆದರೆ ಮೊದಲನೆಯದು ನೊಂದವನಿಗೆ ಊರುಗೋಲಾಗುತ್ತದೆ. ಎರಡನೆಯದು ನೊಂದವನ ಮೇಲೆಯೇ ಬೀಳುವ ದೊಣ್ಣೆಯಾಗುತ್ತದೆ. ಒಂದೇ ನಂಬಿಕೆ ಹೀಗೆ ಎರಡು ಬಗೆಯಾಗುವುದೇಕೆ? ಈ ವಿಷಯವಾಗಿ ನಿಮ್ಮೊಡನೆ ಕೆಲವು ಮಾತುಗಳನ್ನು ಆಡಬೇಕೆಂದಿದ್ದೇನೆ.

ಮೊದಲು ಇತಿಹಾಸದ ಒಂದು ಪ್ರಸಂಗವನ್ನು ನೋಡೋಣ. 1934ನೆಯ ಇಸವಿ ಜನವರಿ 15ರ ಮಧ್ಯಾಹ್ನ ಬಿಹಾರ ಮತ್ತು ನೇಪಾಳಗಳಲ್ಲಿ ಭೂಮಿ ಕಂಪಿಸಿತು. ಮುಂಗೇರ್, ಮುಜಫರಪುರದಂಥ ಪಟ್ಟಣಗಳು ನೆಲಸಮವಾದವು. ಎರಡೂ ಕಡೆ ಸೇರಿ 10,000ಕ್ಕೂ ಹೆಚ್ಚು ಜನ ಸತ್ತರು. ಗಾಂಧೀಜಿಯವರು ಆಗ ಅಸ್ಪೃಶ್ಯತೆಯ ನಿವಾರಣೆಗಾಗಿ ದಕ್ಷಿಣದಲ್ಲಿ ಸಂಚರಿಸುತ್ತಿದ್ದರು. ಈ ಭೂಕಂಪವು ಅಸ್ಪೃಶ್ಯತೆಯೆಂಬ ನಮ್ಮ ಪಾಪಕ್ಕೆ ದೇವರು ವಿಧಿಸಿದ ದಂಡನೆ ಎಂದು ಅವರು ಸಾರಿದರು. ರವೀಂದ್ರನಾಥ ಠಾಕೂರರು ಇದನ್ನು ಒಪ್ಪಲಿಲ್ಲ. ಅಸ್ಪೃಶ್ಯತೆ ಪಾಪವೆಂಬುದರಲ್ಲಿ ಅವರಿಗೂ ಸಂದೇಹವಿರಲಿಲ್ಲ. ಆದರೆ ಪ್ರಕೃತಿಯ ಉತ್ಪಾತಗಳಿಗೆ ಪ್ರಕೃತಿಯಲ್ಲೇ ಕಾರಣವಿರುತ್ತದೆ, ಅದನ್ನು ಮನುಷ್ಯನ ಪಾಪಪುಣ್ಯಕ್ಕೆ ಗಂಟು ಹಾಕಬಾರದು ಎಂದು ಅವರು ವಾದಿಸಿದರು. ಇಂಥ ತರ್ಕವನ್ನು ಗಾಂಧೀಜಿಯವರ ವಿರೋಧಿಗಳೂ ಹಿಡಿದು, ಭೂಕಂಪಕ್ಕೆ ಅವರನ್ನೇ ಹೊಣೆ ಮಾಡಬಹುದಲ್ಲ ಎಂದೂ ಎಚ್ಚರಿಸಿದರು.

ಗಾಂಧೀಜಿಯವರ ದೊಡ್ಡತನವನ್ನು ನೋಡಿ. ತಮ್ಮನ್ನು ಖಂಡಿಸಿದ ಆ ಬರಹವನ್ನು ತಮ್ಮ 'ಹರಿಜನ' ಪತ್ರಿಕೆಯಲ್ಲೇ 1934ರ ಫೆಬ್ರವರಿಯಲ್ಲಿ ಅಚ್ಚು ಮಾಡಿಸಿದರು, ಉತ್ತರವನ್ನೂ ಬರೆದರು. ತಮ್ಮ ಮಟ್ಟಿಗೆ ಈ ನಂಬಿಕೆ ಪಶ್ಚಾತ್ತಾಪಕ್ಕೂ ಆತ್ಮಶುದ್ಧಿಗೂ ಬಂದ ಕರೆ ಎಂದರು. ಮಾರ್ಚಿಯಲ್ಲಿ ತಾವೇ ಬಿಹಾರಕ್ಕೆ ಹೋಗಿ, ಬಾಬು ರಾಜೇಂದ್ರಪ್ರಸಾದರು ನಡೆಸುತ್ತಿದ್ದ ಪರಿಹಾರಕಾರ್ಯದಲ್ಲಿ ಕೈಜೋಡಿಸಿದರು. ಇಬ್ಬರೂ ಮಹಾಪುರುಷರು, ತೀರ್ಪು ಕೊಡಲು ನಾನು ಎಷ್ಟರವನು? ಆದರೂ ಒಂದು ಮಾತು ಸ್ಪಷ್ಟ. ಕಷ್ಟವನ್ನು ಕಂಡು "ನನ್ನಲ್ಲಿ ದೋಷವಿದೆಯೆ?" ಎಂದು ತನ್ನನ್ನು ತಾನು ಕೇಳಿಕೊಳ್ಳುವ ಅಧಿಕಾರ ಎಲ್ಲರಿಗೂ ಇದೆ. "ನಿನ್ನಲ್ಲಿ ದೋಷವಿದೆ" ಎಂದು ಮಣ್ಣಿನಡಿಯಿಂದ ಮಗುವಿನ ಹೆಣ ತೆಗೆಯುತ್ತಿರುವ ತಾಯಿಗೆ ಹೇಳುವ ಅಧಿಕಾರ ಯಾರಿಗೂ ಇಲ್ಲ.

ಇದೇ ಗಾಂಧೀಜಿಯವರು ಬಾಲ್ಯದಲ್ಲಿ ಹರಿಶ್ಚಂದ್ರ ನಾಟಕವನ್ನು ನೋಡಿ ಮನಸೋತಿದ್ದರೆಂಬುದನ್ನು ಅವರ ಆತ್ಮಕಥೆಯನ್ನು ಓದಿದವರು ಬಲ್ಲರು. ನಮ್ಮ ಕನ್ನಡದಲ್ಲಿ ಆ ಕಥೆಯನ್ನು 13ನೆಯ ಶತಮಾನದ ರಾಘವಾಂಕನು ಷಟ್ಪದಿಯಲ್ಲಿ ಹಾಡಿದ್ದಾನೆ. ದೈವದ ನ್ಯಾಯವೆಂದರೇನೆಂದು ತಿಳಿಯಲು ಆ ಕಾವ್ಯಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಕಥೆ ನಿಮಗೆ ತಿಳಿದದ್ದೇ. ಇಂದ್ರನ ಸಭೆಯಲ್ಲಿ ಹರಿಶ್ಚಂದ್ರನ ಸತ್ಯದ ಬಗ್ಗೆ ವಸಿಷ್ಠನಿಗೂ ವಿಶ್ವಾಮಿತ್ರನಿಗೂ ವಾದ ಹತ್ತುತ್ತದೆ. ಆಮೇಲೆ ಭೂಲೋಕದಲ್ಲಿ ರಾಜ್ಯ ಹೋಗುತ್ತದೆ, ಸಾಲ ಬೆನ್ನು ಹತ್ತುತ್ತದೆ, ನಕ್ಷತ್ರಿಕನ ಕಾಟ ಬರುತ್ತದೆ. ಕಾಶಿಯಲ್ಲಿ ಹೆಂಡತಿ ಮಕ್ಕಳ ವಿಕ್ರಯ; ತಾನು ವೀರಬಾಹುಕನಿಗೆ ಆಳಾಗಿ ಸುಡುಗಾಡಿನ ಕಾವಲು. ಇಲ್ಲಿ ಒಂದು ಸೂಕ್ಷ್ಮವಿದೆ. ದೇವಸಭೆಯ ವಾದ ಓದುಗರಾದ ನಮಗೆ ಗೊತ್ತು, ಹರಿಶ್ಚಂದ್ರನಿಗೆ ಗೊತ್ತಿಲ್ಲ. ಇದು ಪರೀಕ್ಷೆಯೆಂದು ತಿಳಿದಿದ್ದರೆ ತಾಳುವುದೇನು ಹೆಚ್ಚು? ಪರೀಕ್ಷೆ ಮುಗಿದ ಮೇಲೆ ಫಲ ಬರುತ್ತದೆಂದು ಗೊತ್ತಿರುವ ಹುಡುಗನೂ ರಾತ್ರಿಯೆಲ್ಲ ಎದ್ದು ಓದುತ್ತಾನೆ. ಹರಿಶ್ಚಂದ್ರನಿಗೆ ಅಂಥ ಭರವಸೆ ಯಾರೂ ಕೊಟ್ಟಿರಲಿಲ್ಲ. ಅವನ ಕಣ್ಣ ಮುಂದಿದ್ದದ್ದು ಆ ದಿನದ ಕೆಲಸ, ಆಡಿದ ಮಾತು, ಇವಿಷ್ಟೆ. ಸತ್ತ ಮಗನನ್ನು ಹೊತ್ತು ತಂದವಳು ತನ್ನ ಮಡದಿಯೆಂದು ತಿಳಿದ ಮೇಲೂ, ಒಡೆಯನಿಗೆ ಸಲ್ಲಬೇಕಾದ ಸುಡುಗಾಡಿನ ತೆರೆಯನ್ನು ಅವನು ಬಿಡಲಿಲ್ಲ.

ಈ ಭಾಗವನ್ನು ತರಗತಿಯಲ್ಲಿ ಪಾಠ ಮಾಡುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸಾರ್, ಹರಿಶ್ಚಂದ್ರ ಮಾತು ಕೊಟ್ಟಿದ್ದ, ಸರಿ. ಲೋಹಿತಾಶ್ವ ಏನು ಮಾಡಿದ್ದ?" ಎಂದ. ತರಗತಿ ನಿಶ್ಶಬ್ದವಾಯಿತು. ಆ ಹುಡುಗನ ತಮ್ಮ ಆ ವರ್ಷವೇ ಜ್ವರದಲ್ಲಿ ತೀರಿಕೊಂಡಿದ್ದ. "ಅವನು ಏನೂ ಮಾಡಿರಲಿಲ್ಲಪ್ಪ" ಎಂದೆ. ಅದಕ್ಕಿಂತ ಹೆಚ್ಚಿನ ಉತ್ತರ ನನ್ನಲ್ಲಿರಲಿಲ್ಲ. ಈಗಲೂ ಇಲ್ಲ. ಒಡೆಯನ ಕೆಲಸಕ್ಕೆಂದು ಕಾಡಿಗೆ ಹೋದ ಎಳೆಯನನ್ನು ಹಾವು ಕಚ್ಚಿತು. ತಂದೆಯ ಸತ್ಯದ ಬೆಲೆಯಲ್ಲಿ ದೊಡ್ಡ ಪಾಲನ್ನು ಹೆಂಡತಿಯೂ ಮಗನೂ ತೆತ್ತರು. ಕಾವ್ಯದಲ್ಲಿ ಕಡೆಗೆ ವಿಶ್ವೇಶ್ವರನು ಪ್ರತ್ಯಕ್ಷನಾಗುತ್ತಾನೆ, ಮಗನು ಎದ್ದು ಕುಳಿತುಕೊಳ್ಳುತ್ತಾನೆ. ನಮ್ಮ ನಿಮ್ಮ ಮನೆಗಳಲ್ಲಿ ಹೋದವರು ಹೋದವರೇ. ಇದನ್ನು ಮರೆಮಾಚಿ ದೈವದ ನ್ಯಾಯವನ್ನು ಬೋಧಿಸಿದರೆ ಮಕ್ಕಳೂ ನಂಬುವುದಿಲ್ಲ.

ಹಾಗಾದರೆ ನಂಬುವುದೆಂದರೇನು? ಕಂದಾಯದ ರಸೀದಿಯಂತೆ ಪುಣ್ಯಕ್ಕೆ ಸುಖ, ಪಾಪಕ್ಕೆ ದುಃಖ ಎಂದು ಕೂಡಲೇ ಕೈಗೆ ಬರುತ್ತದೆಂಬ ಎಣಿಕೆ ನಂಬಿಕೆಯಲ್ಲ. ಆ ಎಣಿಕೆ ಮೊದಲನೆಯ ಪೆಟ್ಟಿಗೇ ಮುರಿಯುತ್ತದೆ. ನನಗೆ ತೋರುವುದಿಷ್ಟು. ನನಗೆ ಅನ್ಯಾಯವಾಯಿತೆಂದು ನಾನು ಅನ್ಯಾಯ ಮಾಡದಿರುವುದು. ಲೆಕ್ಕದ ಪುಸ್ತಕ ನನ್ನ ಕೈಯಲ್ಲಿಲ್ಲವೆಂದು ಒಪ್ಪಿಕೊಂಡು, ನನ್ನ ಪಾಲಿನ ಪುಟವನ್ನು ಮಾತ್ರ ಕಲೆಯಾಗದಂತೆ ಇಟ್ಟುಕೊಳ್ಳುವುದು. ಇದೇ ದೈವದ ನ್ಯಾಯದಲ್ಲಿಟ್ಟ ವಿಶ್ವಾಸ.

ಕೈಕಟ್ಟಿ ಕುಳಿತುಕೊಳ್ಳಿ ಎಂದು ಇದರ ಅರ್ಥವಲ್ಲ. ಕಾಯಿಲೆಗೆ ವೈದ್ಯನಿದ್ದಾನೆ, ಮೋಸಕ್ಕೆ ನ್ಯಾಯಸ್ಥಾನವಿದೆ. ತಪ್ಪಿಸಬಹುದಾದ ಕಷ್ಟವನ್ನು ತಪ್ಪಿಸದೆ ದೇವರ ಮೇಲೆ ಹಾಕುವುದು ಭಕ್ತಿಯಲ್ಲ, ಸೋಮಾರಿತನ. ಮಾಡುವುದನ್ನೆಲ್ಲ ಮಾಡಿಯೂ ಉಳಿದ ದುಃಖವೊಂದಿದೆಯಲ್ಲ, ಅಲ್ಲಿ ತಾಳ್ಮೆ ಬೇಕು. ತಾಳಿದವನು ಬಾಳಿಯಾನು ಎಂದು ಹಿರಿಯರು ಹೇಳಿದ್ದು ಅಂಥ ದುಃಖವನ್ನು ಕುರಿತೇ.

ಕಡೆಯದಾಗಿ, ನೊಂದವರ ಮನೆಗೆ ಹೋದಾಗ ನಾವು ಹೇಗೆ ನಡೆದುಕೊಳ್ಳಬೇಕು? ಕರ್ಮದ ಮಾತು, ಗ್ರಹಚಾರದ ಮಾತು ಅಲ್ಲಿ ಬೇಡ. ಸ್ವಲ್ಪ ಹೊತ್ತು ಸುಮ್ಮನೆ ಕುಳಿತುಕೊಳ್ಳಿ. ಅವರು ಅತ್ತರೆ ಅಳಗೊಡಿ. ದೇವರನ್ನು ಬೈದರೂ ಬೈಯಗೊಡಿ, ಅವನು ತಾಳಿಕೊಳ್ಳುತ್ತಾನೆ. ಒಲೆ ಹಚ್ಚದ ಮನೆಗೆ ಒಂದು ಪಾತ್ರೆ ಅನ್ನ, ಸಾರು ಕಳುಹಿಸಿ. ಮಕ್ಕಳನ್ನು ಕರೆತಂದು ನಿಮ್ಮ ಮಕ್ಕಳ ಜೊತೆ ಊಟಕ್ಕೆ ಕೂರಿಸಿ. ದೇವರ ನ್ಯಾಯ ಎಂದು ಬರುತ್ತದೋ ಅವನೇ ಬಲ್ಲ. ಅಲ್ಲಿಯವರೆಗೆ ಆ ಮನೆಯ ಮಕ್ಕಳು ಹಸಿದಿರದಂತೆ ನೋಡಿಕೊಳ್ಳುವುದು ನಮ್ಮಿಂದ ಆಗುವ ಕೆಲಸ.