ಹೇಳುವವರ ಕಡೆಯ ಸಂಶೋಧನೆ



ಆರೋಗ್ಯ ಸಂವಹನದಲ್ಲಿ ಸಂಶೋಧನೆ ಮಾಡಬಯಸುವವರಿಗೆ ನಾನು ಮೊದಲು ಹೇಳುವುದು ರಾಮನಗರದ ಕತೆ. 1950ರ ದಶಕದ ಆರಂಭ. ಆಗಿನ ಕೇಂದ್ರ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯ ಒಡನಾಡಿ. ಗರ್ಭನಿರೋಧಕ ಸಾಧನಗಳು ಅವರಿಗೆ ಒಗ್ಗದ ಸಂಗತಿ. ಮುಟ್ಟಿನ ದಿನಗಳ ಲೆಕ್ಕ ಹಿಡಿದು ಸಂಯಮ ಪಾಲಿಸುವ ಕ್ರಮ ನಮ್ಮ ಜನರಲ್ಲಿ ನಡೆದೀತೇ ಎಂದು ಪರೀಕ್ಷಿಸಲು ವಿಶ್ವ ಆರೋಗ್ಯ ಸಂಸ್ಥೆಯ ನೆರವು ಕೋರಿದರು. ಅಮೆರಿಕದಿಂದ ಡಾ. ಅಬ್ರಹಾಂ ಸ್ಟೋನ್ ಬಂದರು. ಪ್ರಯೋಗಕ್ಕೆ ಆರಿಸಿದ ಒಂದು ಜಾಗ ದೆಹಲಿಯ ಲೋಧಿ ಕಾಲೊನಿ, ಇನ್ನೊಂದು ಮೈಸೂರು ರಾಜ್ಯದ ರಾಮನಗರ. ಹೆಂಗಸರ ಕೈಗೆ ಬಣ್ಣದ ಮಣಿಸರ ಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು. ಹಸಿರು ಬಂದರೆ ಭಯವಿಲ್ಲ, ಕೆಂಪು ಬಂದರೆ ದೂರವಿರಬೇಕು.

ಪ್ರಯೋಗ ಫಲಿಸಲಿಲ್ಲ. ಮಣಿ ಸರಿಸಲು ಮರೆತರು, ಕತ್ತಲಲ್ಲಿ ಬಣ್ಣ ತಿಳಿಯಲಿಲ್ಲ, ಸರವೇ ಬಸಿರು ತಡೆಯುತ್ತದೆಂದು ಕೆಲವರು ನಂಬಿದರು ಎಂದೆಲ್ಲ ಆಮೇಲಿನ ಬರಹಗಳಲ್ಲಿ ಬರುತ್ತದೆ, ಹೆಚ್ಚಾಗಿ ತಮಾಷೆಯ ಧಾಟಿಯಲ್ಲಿ. ನನಗೆ ಅದರಲ್ಲಿ ತಮಾಷೆ ಕಾಣುವುದಿಲ್ಲ. ಕೆಂಪು ಮಣಿ ಬಂದ ರಾತ್ರಿ ಗಂಡನಿಗೆ ‘ಬೇಡ’ ಎನ್ನುವ ಶಕ್ತಿ ಆ ಸರದಲ್ಲಿತ್ತೇ? ಲೆಕ್ಕ ಕಲಿಸಿದ್ದು ಹೆಂಡತಿಗೆ, ತೀರ್ಮಾನ ಇದ್ದದ್ದು ಗಂಡನ ಕೈಯಲ್ಲಿ. ದೀಪವಿಲ್ಲದ ಮನೆಗೆ ಬಣ್ಣದ ಭಾಷೆ ಕಳಿಸಿದವರು ಯಾರು, ಯಾವ ಮೇಜಿನ ಮುಂದೆ ಕೂತು ಹಾಗೆ ನಿರ್ಧರಿಸಿದರು? ಈ ಪ್ರಶ್ನೆಯ ಮೇಲೆ ಒಂದು ಮಹಾಪ್ರಬಂಧ ಬರೆಯಬಹುದು. ‘ರಾಮನಗರದ ಮಹಿಳೆಯರ ಅರಿವಿನ ಮಟ್ಟ’ ಎಂಬ ಶೀರ್ಷಿಕೆಯಲ್ಲಿ ಬರೆದರೆ ಪದವಿ ಸಿಗುತ್ತದೆ, ಪ್ರಶ್ನೆ ಹಾಗೇ ಉಳಿಯುತ್ತದೆ.

ನಮ್ಮ ವಿಶ್ವವಿದ್ಯಾಲಯಗಳ ಬಹುಪಾಲು ಸಿನಾಪ್ಸಿಸ್‌ಗಳು ಆ ಶೀರ್ಷಿಕೆಯ ತಮ್ಮ-ತಂಗಿಯರು. ಜ್ಞಾನ, ಮನೋಭಾವ, ಆಚರಣೆ ಎಂಬ ಮೂರು ಕಂಬಗಳ ಪ್ರಶ್ನಾವಳಿ, ಮುನ್ನೂರೋ ನಾನೂರೋ ಮನೆ, ಕೊನೆಗೆ ‘ಜಾಗೃತಿ ಮೂಡಿಸಬೇಕು’ ಎಂಬ ಶಿಫಾರಸು. ಈ ಬಗೆಯ ಸಮೀಕ್ಷೆಯ ಮಿತಿ ಗೊತ್ತಾಗಿ ಅರ್ಧ ಶತಮಾನವೇ ಕಳೆಯಿತು. ಪಂಜಾಬಿನ ಖನ್ನಾ ಸುತ್ತಮುತ್ತ 1950ರ ದಶಕದಲ್ಲಿ ಹಾರ್ವರ್ಡ್‌ನವರು ಕುಟುಂಬ ಯೋಜನೆಯ ದೊಡ್ಡ ಅಧ್ಯಯನ ನಡೆಸಿದರು. ಮನೆಮನೆಗೆ ಮಾತ್ರೆ ಹಂಚಿದರು. ಒಪ್ಪಿಕೊಂಡವರ ಸಂಖ್ಯೆ ಚೆನ್ನಾಗಿಯೇ ಇತ್ತು. ಆದರೆ ಜನನ ಪ್ರಮಾಣ ನಿರೀಕ್ಷಿಸಿದಂತೆ ಇಳಿಯಲಿಲ್ಲ. ಸಂಶೋಧಕ ಮಹಮೂದ್ ಮಮ್ದಾನಿ ಅದೇ ಸೀಮೆಯ ಮಾನುಪುರಕ್ಕೆ ಹೋಗಿ ಜನರ ಜೊತೆ ಕೂತು ಮಾತಾಡಿ 1972ರಲ್ಲಿ ಪುಸ್ತಕ ಬರೆದರು. ಅವರು ಕಂಡದ್ದು ಇದು: ಅಷ್ಟು ದೂರದಿಂದ ಬಂದವರು, ಒಳ್ಳೆಯವರು, ಬೇಡವೆಂದರೆ ನೊಂದುಕೊಂಡಾರು ಎಂದು ಜನ ಮಾತ್ರೆ ಇಸಿದುಕೊಂಡಿದ್ದರು. ಒಬ್ಬನಂತೂ ಮಾತ್ರೆಯ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಿ ಮನೆಯಲ್ಲಿ ಅಲಂಕಾರಕ್ಕಿಟ್ಟಿದ್ದ. ಹೊಲದಲ್ಲಿ ದುಡಿಯಲು ಗಂಡುಮಕ್ಕಳು ಬೇಕಾದ ಬಡ ರೈತನಿಗೆ ಮಾತ್ರೆ ಬಳಸದಿರಲು ತಕ್ಕ ಕಾರಣವಿತ್ತು. ಪ್ರಶ್ನಾವಳಿಯಲ್ಲಿ ಆ ಕಾರಣಕ್ಕೆ ಮನೆಯೇ ಇರಲಿಲ್ಲ.

ಇದನ್ನು ಕೇಳಿ ಪ್ರಶ್ನಾವಳಿಯನ್ನೇ ಸುಡಬೇಡಿ. ಅಂಕಿಸಂಖ್ಯೆಗೆ ಹೆದರಿ ಸಂವಹನ ವಿಭಾಗಕ್ಕೆ ಬರುವ ವಿದ್ಯಾರ್ಥಿಗಳಿದ್ದಾರೆ. ಜನರ ಮಾತಿಗೆ ಹೆದರಿ ಅಂಕಿಸಂಖ್ಯೆಗೆ ಓಡುವ ವೈದ್ಯರೂ ಇದ್ದಾರೆ. ಸಾರ್ವಜನಿಕ ಆರೋಗ್ಯದ ಒಳಗೆ ಸಂವಹನ ಓದುವವರಿಗೆ ಎರಡೂ ಬೇಕು. ರೋಗ ಎಲ್ಲಿ, ಯಾರಿಗೆ, ಯಾವ ತಿಂಗಳಲ್ಲಿ ಎಂಬುದನ್ನು ಸಾಂಕ್ರಾಮಿಕ ರೋಗಶಾಸ್ತ್ರ ತೋರಿಸುತ್ತದೆ. ಅದು ಗೊತ್ತಿಲ್ಲದೆ ಕರಪತ್ರದ ಅಂದಚಂದ ಅಳೆಯುವುದು ವ್ಯರ್ಥ. ಯುಜಿಸಿಯ 2022ರ ನಿಯಮದಂತೆ ಪಿಎಚ್.ಡಿ.ಗೆ ಕೋರ್ಸ್‌ವರ್ಕ್ ಸೇರಿ ಕನಿಷ್ಠ ಮೂರು ವರ್ಷ ಬೇಕು, ಸಾಮಾನ್ಯ ಮಿತಿ ಆರು ವರ್ಷ. ಮೊದಲ ವರ್ಷವನ್ನು ಈ ಎರಡು ಕಡೆಯ ಕಲಿಕೆಗೆ ಕೊಟ್ಟರೆ ನಷ್ಟವಿಲ್ಲ. ಗೈಡ್ ಒಂದು ಕಡೆಯವರಾದರೆ ಸಹ ಮಾರ್ಗದರ್ಶಕರು ಇನ್ನೊಂದು ಕಡೆಯವರಾಗಲಿ. ಎಥಿಕ್ಸ್ ಕಮಿಟಿಯ ಒಪ್ಪಿಗೆಗೆ ತಿಂಗಳುಗಳೇ ಹಿಡಿದಾವು, ಅರ್ಜಿ ಬೇಗ ಹಾಕಿ.

ಸಿದ್ಧಾಂತಗಳ ವಿಚಾರದಲ್ಲಿ ಒಂದು ಎಚ್ಚರ. ‘ಹೆಲ್ತ್ ಬಿಲೀಫ್ ಮಾಡೆಲ್’ ಇಲ್ಲದ ಪ್ರಬಂಧ ಅಪರೂಪ. ಅದು 1950ರ ದಶಕದಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯಲ್ಲಿ ಹುಟ್ಟಿತು. ಕ್ಷಯ ಪತ್ತೆಗೆ ಪುಕ್ಕಟೆ ಎಕ್ಸ್‌ರೇ ಇದ್ದರೂ ಜನ ಯಾಕೆ ಬರುವುದಿಲ್ಲ ಎಂದು ಹಾಕ್‌ಬಾಮ್ ಮೊದಲಾದವರು ಕೇಳಿಕೊಂಡರು. ನನಗೆ ರೋಗ ಬಂದೀತೆಂಬ ಅಂಜಿಕೆ, ಪರೀಕ್ಷೆಯಿಂದ ಲಾಭವಿದೆಯೆಂಬ ನಂಬಿಕೆ, ಅಡ್ಡಿಗಳ ಲೆಕ್ಕ, ಇವು ಒಬ್ಬೊಬ್ಬನ ತಲೆಯೊಳಗಿನ ತಕ್ಕಡಿ. ತನ್ನ ದಿನವನ್ನು ತಾನೇ ಆಳುವ ಮನುಷ್ಯನಿಗೆ ಅದು ಹೊಂದುತ್ತದೆ. ನಮ್ಮಲ್ಲಿ ಎಷ್ಟು ಮಂದಿಯ ದಿನ ಅವರ ಕೈಯಲ್ಲಿದೆ?

ಮಲೆನಾಡಿನ ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ರೋಗ. ಉಣುಗಿನಿಂದ ಹರಡುತ್ತದೆ, ಬೇಸಿಗೆಯ ಮುಖದಲ್ಲಿ ಜೋರು. ನೂರು ಮಂದಿಗೆ ಬಂದರೆ ಮೂರರಿಂದ ಐದು ಮಂದಿಯನ್ನು ಕೊಲ್ಲುತ್ತದೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಈ ರೋಗ ಹಬ್ಬಿದ್ದು ನಿಮಗೆ ನೆನಪಿರಬಹುದು. ಸಂದೇಶ ಮಾತ್ರ ದಶಕಗಳ ಕಾಲ ಅದೇ ಇತ್ತು: ಕಾಡಿಗೆ ಹೋಗಬೇಡಿ, ಹೋದರೆ ಉಣುಗು ತಡೆಯುವ ಎಣ್ಣೆ ಹಚ್ಚಿಕೊಳ್ಳಿ, ಲಸಿಕೆ ಹಾಕಿಸಿಕೊಳ್ಳಿ. ಆದರೆ ಕೊಟ್ಟಿಗೆಗೆ ಒಣ ಎಲೆಯ ದರಗು, ತೋಟಕ್ಕೆ ಸೊಪ್ಪು, ಒಲೆಗೆ ಸೌದೆ, ಎಲ್ಲವೂ ಕಾಡಿನಿಂದಲೇ ಬರಬೇಕು. ರೋಗ ಜೋರಾಗುವ ತಿಂಗಳುಗಳೇ ದರಗು ಗುಡಿಸುವ ತಿಂಗಳುಗಳು. ಕೂಲಿಗೆ ಹೋಗುವವಳಿಗೆ ‘ಕಾಡಿಗೆ ಹೋಗಬೇಡ’ ಎಂದರೆ ‘ಕೂಲಿ ಬಿಡು’ ಎಂದಂತೆ. ಆ ಮಾತು ತೋಟದ ಯಜಮಾನನಿಗೆ ಹೇಳಬೇಕಾದದ್ದು. ಆದರೆ ಅವನ ಹೆಸರಿನ ಪೋಸ್ಟರ್ ನಾನು ಕಂಡಿಲ್ಲ.

ಲಸಿಕೆಯ ಕತೆ ಇನ್ನೂ ಸಿಕ್ಕು. ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್, ಮತ್ತೆ ವರ್ಷ ವರ್ಷ ಬೂಸ್ಟರ್. ಚುಚ್ಚಿದ ಜಾಗ ಸಿಕ್ಕಾಪಟ್ಟೆ ನೋಯುತ್ತಿತ್ತು. 2005ರಿಂದ 2010ರವರೆಗಿನ ಲೆಕ್ಕ ಹಿಡಿದು 2013ರಲ್ಲಿ ಬಂದ ಅಧ್ಯಯನವೊಂದು ಎರಡು ಡೋಸ್‌ಗೆ ಶೇ. 62, ಬೂಸ್ಟರ್ ಸೇರಿದರೆ ಶೇ. 83ರಷ್ಟು ರಕ್ಷಣೆ ಕಂಡಿತು. ಲಸಿಕೆ ಪಡೆದವರೇ ಕಡಿಮೆ ಎಂದೂ ಹೇಳಿತು. ಜನ ಬರುವುದಿಲ್ಲ, ತಿಳಿವಳಿಕೆ ಇಲ್ಲ ಎಂಬ ಗೊಣಗು ಆಗ ಇಲಾಖೆಯಲ್ಲಿ ಮಾಮೂಲು. ಕೊನೆಗೆ ಲಸಿಕೆಯ ಸಾಮರ್ಥ್ಯದ ಮೇಲೆಯೇ ಪ್ರಶ್ನೆ ಎದ್ದು 2022ರಲ್ಲಿ ಅದರ ಬಳಕೆ ನಿಂತಿತು. ತೋಳು ಹಿಡಿದುಕೊಂಡು ಮನೆಗೆ ಹೋಗಿ ‘ಇದರಿಂದ ಪ್ರಯೋಜನವಿಲ್ಲ’ ಎಂದಿದ್ದ ಹಳ್ಳಿಯವನ ಅನುಮಾನವನ್ನು ಪ್ರಶ್ನಾವಳಿಯ ಯಾವ ಕಂಬಕ್ಕೆ ಸೇರಿಸಿದ್ದೆವು? ‘ತಪ್ಪು ಕಲ್ಪನೆ’ ಎಂಬ ಕಂಬಕ್ಕೆ.

2014ರಲ್ಲಿ ಪಶ್ಚಿಮ ಆಫ್ರಿಕಾದ ಎಬೋಲಾ ಕಾಲದಲ್ಲೂ ಇಂಥದ್ದೇ ಆಯಿತು. ಹೆಣ ತೊಳೆಯಬೇಡಿ, ಮುಟ್ಟಬೇಡಿ ಎಂಬ ಆಜ್ಞೆಗೆ ಹಲವು ಊರು ಬಗ್ಗಲಿಲ್ಲ. ಗಿನಿಯಲ್ಲಿ ಕೆಲವು ಊರುಗಳು ಆರೋಗ್ಯ ತಂಡಗಳನ್ನು ಒಳಗೇ ಬಿಡಲಿಲ್ಲ. ಮಾನವಶಾಸ್ತ್ರಜ್ಞರನ್ನೂ ಧಾರ್ಮಿಕ ಹಿರಿಯರನ್ನೂ ಕೂರಿಸಿಕೊಂಡು ಮಾತಾಡಿದ ಮೇಲೆ, ಆ ವರ್ಷದ ನವೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸುರಕ್ಷಿತವೂ ಗೌರವಯುತವೂ ಆದ ಅಂತ್ಯಸಂಸ್ಕಾರದ ಹೊಸ ಕ್ರಮ ಹೊರಡಿಸಿತು. ಪ್ರಾರ್ಥನೆಗೆ, ಮನೆಯವರ ಹಾಜರಿಗೆ ಅದರಲ್ಲಿ ಜಾಗವಿತ್ತು. ಬದಲಾದದ್ದು ಆಜ್ಞೆ ಕೊಟ್ಟವರ ನಡವಳಿಕೆ.

ಹೀಗೆ ಹೇಳುವವರ ಕಡೆಯನ್ನು ನೋಡುವ ಸಂಶೋಧನೆಗೆ ಹೊರಟವರು ಆಶಾ ಕಾರ್ಯಕರ್ತೆಯರನ್ನು ‘ಮಾಹಿತಿದಾರರು’ ಎಂದಷ್ಟೇ ಎಣಿಸಬಾರದು. ಮೇಲಿನಿಂದ ಬಂದ ಮಾತು ಮನೆಬಾಗಿಲಲ್ಲಿ ಏನಾಗುತ್ತದೆಂದು ದಿನಾ ನೋಡುವವರು ಅವರು. ಯಾವ ವಾಕ್ಯ ನುಂಗಿಬಿಡುತ್ತಾರೆ, ಯಾವುದನ್ನು ತಿರುಗಿಸಿ ಹೇಳುತ್ತಾರೆ, ಯಾಕೆ ಎಂಬುದನ್ನು ಬರೆದಿಟ್ಟರೆ ಒಂದು ಅಧ್ಯಾಯ ಸಿದ್ಧ. ಆರೋಗ್ಯ ಇಲಾಖೆಯ ಮಾಹಿತಿ, ಶಿಕ್ಷಣ, ಸಂವಹನ (ಐಇಸಿ) ಕಡತಗಳನ್ನೂ ಕೇಳಿ: ಪೋಸ್ಟರಿನ ವಾಕ್ಯ ಯಾರು ಬರೆದರು, ಎಷ್ಟು ಬಾರಿ ತಿದ್ದಿದರು, ಊರಿನ ಯಾರಿಗಾದರೂ ತೋರಿಸಿದರೇ, ಮುದ್ರಿಸಿದ ಪ್ರತಿಗಳು ಯಾವ ತಿಂಗಳಲ್ಲಿ ತಲುಪಿದವು. ಕಡತ ಸಿಗುವುದು ಸುಲಭವಲ್ಲ. ಮಾಹಿತಿ ಹಕ್ಕಿನ ಅರ್ಜಿ ಬರೆಯುವುದನ್ನೂ ಸಂಶೋಧನಾ ವಿಧಾನದ ತರಗತಿಯಲ್ಲಿ ಕಲಿಸಬೇಕೆಂದು ನನ್ನ ಹಠ.

ಮಂಗನ ಕಾಯಿಲೆಗೆ ಹೊಸ ಲಸಿಕೆಯ ಕೆಲಸ ನಡೆದಿದೆ. ಅದು ಬಂದ ದಿನ, ಹಳೆಯ ಸೂಜಿಯ ನೋವು ಉಂಡವರ ಮುಂದೆ ಮತ್ತೊಂದು ಸೂಜಿ ಹಿಡಿದು ನಿಲ್ಲಬೇಕಾಗುತ್ತದೆ. ಹಳೆಯದು ಯಾಕೆ ನಿಂತಿತು ಎಂಬುದನ್ನು ಅವರಿಗೆ ಯಾರು ಹೇಳಿದ್ದಾರೆ, ಏನೆಂದು ಹೇಳಿದ್ದಾರೆ? ಇದನ್ನು ಲಸಿಕೆ ಬರುವ ಮುಂಚೆಯೇ ತಿಳಿದುಕೊಳ್ಳಬೇಕು. ಇಬ್ಬರು ವಿದ್ಯಾರ್ಥಿಗಳಾದರೂ ಬೇಕು: ಒಬ್ಬರು ಅರಳಗೋಡಿನ ಕಡೆಗೆ, ಒಬ್ಬರು ಬೆಂಗಳೂರಿನ ಕಡತಗಳ ಕಡೆಗೆ. ಆಸಕ್ತಿ ಇದ್ದವರು ಸಭೆ ಮುಗಿದ ಮೇಲೆ ನನ್ನನ್ನು ಕಾಣಬಹುದು.