ವೈದ್ಯಕೀಯ ಓದಿನ ನಡುವೆ ಸಂಶೋಧನೆಯ ಒಂದು ವರ್ಷ

(ಟ್ರಸ್ಟಿನ ವಾರ್ಷಿಕ ಮಹಾಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ವಿದ್ಯಾರ್ಥಿವೇತನ ಸಮಿತಿಯ ಸದಸ್ಯರಾದ ನಿವೃತ್ತ ಶಿಕ್ಷಕರು ಮಾಡಿದ ಭಾಷಣ)



ಈ ಸಲ ನಮ್ಮ ಸಮಿತಿಯ ಮುಂದೆ ಹೊಸದೊಂದು ಪ್ರಶ್ನೆ ಬಂದಿದೆ. ನಮ್ಮೂರಿನಿಂದ ಹೋಗಿ ಇಂಗ್ಲೆಂಡಿನಲ್ಲಿ ನೆಲೆಸಿದ ಕುಟುಂಬದ ಹುಡುಗಿಯೊಬ್ಬಳು ಅಲ್ಲಿ ವೈದ್ಯಕೀಯ ಮೂರನೇ ವರ್ಷ ಮುಗಿಸಿದ್ದಾಳೆ. ನಾಲ್ಕನೇ ವರ್ಷಕ್ಕೆ ಹೋಗುವ ಮೊದಲು ಒಂದು ವರ್ಷ ಸಂಶೋಧನಾ ಪದವಿ ಓದಲು ಬಯಸಿದ್ದಾಳೆ. ನಮ್ಮ ನಿಯಮದ ಪ್ರಕಾರ ಮುಂದಿನ ತರಗತಿಗೆ ಹೋದವರಿಗೆ ಮಾತ್ರ ನೆರವು ಮುಂದುವರಿಯುತ್ತದೆ. ಊರಿನಲ್ಲಿರುವ ಅವಳ ಅಜ್ಜ ನನ್ನನ್ನು ಕೇಳಿದರು: "ಮಾಸ್ಟ್ರೇ, ಮೊಮ್ಮಗಳು ಫೇಲಾದಳಾ?"

ಖಂಡಿತ ಇಲ್ಲ. ಬ್ರಿಟನ್ನಿನಲ್ಲಿ ಇದನ್ನು ಇಂಟರ್‌ಕಲೇಟೆಡ್ ಪದವಿ ಎನ್ನುತ್ತಾರೆ. ಅಲ್ಲಿ ವೈದ್ಯಕೀಯ ಓದು ಸಾಮಾನ್ಯವಾಗಿ 5 ವರ್ಷ. ನಡುವೆ ಒಂದು ವರ್ಷ ನರವಿಜ್ಞಾನ, ರೋಗನಿರೋಧಕ ಶಾಸ್ತ್ರ, ಸಾರ್ವಜನಿಕ ಆರೋಗ್ಯ ಇಂಥ ಒಂದೇ ವಿಷಯವನ್ನು ಆಳವಾಗಿ ಓದಿ, ಮಾರ್ಗದರ್ಶಕರ ಕೈಕೆಳಗೆ ಸಂಶೋಧನೆ ಮಾಡಿ, ಪ್ರಬಂಧ ಬರೆದು ಬಿ.ಎಸ್ಸಿ. ಪಡೆಯುತ್ತಾರೆ. ಆಮೇಲೆ ಬಿಟ್ಟಲ್ಲಿಂದಲೇ ವೈದ್ಯಕೀಯ ಓದು ಮುಂದುವರಿಯುತ್ತದೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 6 ವರ್ಷದ ವೈದ್ಯಕೀಯ ಕೋರ್ಸಿನೊಳಗೇ ಈ ಬಿ.ಎಸ್ಸಿ. ಸೇರಿದೆ.

ಇಂಥ ಒಂದು ವರ್ಷದಿಂದ ಏನಾಗಬಹುದು? ಅಮೆರಿಕದ ಜೇ ಮೆಕ್ಲೀನ್ ಓದಿನ ಖರ್ಚನ್ನು ತಾವೇ ದುಡಿದು ಹೊಂದಿಸಿಕೊಂಡವರು. 1915ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಸೇರಿದಾಗ ಒಂದು ವರ್ಷವನ್ನು ಸಂಶೋಧನೆಗೆ ಮೀಸಲಿಡಲು ನಿರ್ಧರಿಸಿದರು. ಪ್ರಾಧ್ಯಾಪಕ ವಿಲಿಯಂ ಹೊವೆಲ್ ಅವರಿಗೆ ಕೊಟ್ಟ ಕೆಲಸ, ರಕ್ತ ಹೆಪ್ಪುಗಟ್ಟಿಸುವ ಒಂದು ವಸ್ತುವಿನ ಪರೀಕ್ಷೆ. ಆ ಕೆಲಸದ ನಡುವೆ ಪಿತ್ತಜನಕಾಂಗದ ಸಾರದಲ್ಲಿ ಅವರಿಗೆ ಕಂಡದ್ದು ಅದಕ್ಕೆ ತದ್ವಿರುದ್ಧವಾದದ್ದು: ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಣ. 1916ರಲ್ಲಿ ಅದನ್ನು ಪ್ರಕಟಿಸಿದರು. ಇಂದಿನ ಹೆಪಾರಿನ್ ಔಷಧದ ಕಥೆ ಆರಂಭವಾಗುವುದು ಅಲ್ಲಿಂದ. ನಮ್ಮ ಟ್ರಸ್ಟ್ ನೆರವಾಗುವ ಡಯಾಲಿಸಿಸ್ ರೋಗಿಗಳಿಗೆ ಈ ಹೆಸರು ಹೊಸದಲ್ಲ.

ಎಲ್ಲರಿಗೂ ಹೀಗೆ ಹೊಸ ಔಷಧ ಸಿಗುವುದಿಲ್ಲ. ಆದರೆ "ಪುಸ್ತಕದಲ್ಲಿ ಹೀಗಿದೆ" ಎನ್ನುತ್ತಿದ್ದ ವಿದ್ಯಾರ್ಥಿ "ಇದು ಹೇಗೆ ಗೊತ್ತಾಯಿತು?" ಎಂದು ಕೇಳಲು ಕಲಿಯುತ್ತಾನೆ. ರೋಗಿಗೆ ಬೇಕಾಗಿರುವುದೂ ಅಂಥ ವೈದ್ಯರೇ.

ಪೋಷಕರಿಗೆ ಕಷ್ಟದ ಮಾತನ್ನೂ ಹೇಳಬೇಕು. ಒಂದು ವರ್ಷದ ಫೀಸು, ಊಟ, ವಸತಿ ಹೆಚ್ಚುತ್ತದೆ. ಸಂಬಳ ಒಂದು ವರ್ಷ ತಡವಾಗುತ್ತದೆ. ಮೊದಲೆಲ್ಲ ಬ್ರಿಟನ್ನಿನಲ್ಲಿ ಪದವಿಯ ನಂತರದ ಫೌಂಡೇಶನ್ ತರಬೇತಿಯ ಸ್ಥಾನ ಹಂಚುವಾಗ ಇಂಥ ಪದವಿಗೆ ಹೆಚ್ಚುವರಿ ಅಂಕವಿತ್ತು. 2023ರಿಂದ ಅದಿಲ್ಲ. ಆದ್ದರಿಂದ ಅಂಕದಾಸೆಗೆ, ಗೆಳೆಯರು ಹೊರಟರೆಂದು ಯಾರೂ ಹೋಗಬೇಡಿ. ವಿಷಯದ ಮೇಲೆ ಪ್ರೀತಿಯಿದ್ದರೆ ಹೋಗಿ.

ಇಲ್ಲಿ ಎಂಬಿಬಿಎಸ್ ಓದುವ ಮಕ್ಕಳಿಗೆ ನಾಲ್ಕೂವರೆ ವರ್ಷದ ಪಾಠ, ಒಂದು ವರ್ಷದ ಇಂಟರ್ನ್‌ಶಿಪ್. ನಡುವೆ ಹೀಗೆ ಬಿಡುವು ಪಡೆದು ಬಿ.ಎಸ್ಸಿ. ಮಾಡುವ ರೂಢಿ ನಮ್ಮಲ್ಲಿಲ್ಲ. ಆದರೆ ಐಸಿಎಂಆರ್‌ನ ಎಸ್‌ಟಿಎಸ್ ಎಂಬ ಯೋಜನೆಯಿದೆ. ಕಾಲೇಜಿನ ಒಬ್ಬ ಅಧ್ಯಾಪಕರನ್ನು ಮಾರ್ಗದರ್ಶಕರಾಗಿ ಒಪ್ಪಿಸಿ ಪ್ರಸ್ತಾವ ಕಳಿಸಬೇಕು. ಆಯ್ಕೆಯಾದವರು ಓದಿನ ಜೊತೆಯಲ್ಲೇ ಎರಡು ತಿಂಗಳ ಸಂಶೋಧನೆ ಮಾಡುತ್ತಾರೆ. ವರದಿ ಒಪ್ಪಿಗೆಯಾದ ಮೇಲೆ ಸ್ಟೈಪೆಂಡ್ ಸಿಗುತ್ತದೆ. ಒಂದು ವರ್ಷವೂ ಹೋಗುವುದಿಲ್ಲ. ನಮ್ಮ ಮಕ್ಕಳು ದಯವಿಟ್ಟು ಈ ಬಗ್ಗೆ ಕಾಲೇಜಿನಲ್ಲಿ ವಿಚಾರಿಸಿ.

ದಾನಿಗಳಲ್ಲಿ ನನ್ನದೊಂದು ವಿನಂತಿ. ನಿಮ್ಮ ಹಣ ನಮ್ಮ ಕೈಯಲ್ಲಿರುವ ಅಮಾನತ್. ಅದಕ್ಕೆ ಲೆಕ್ಕ ಕೇಳುವುದು ನಿಮ್ಮ ಹಕ್ಕು. ಇಂಥ ವಿದ್ಯಾರ್ಥಿಯಿಂದ ಕಾಲೇಜಿನ ಅನುಮತಿ ಪತ್ರ, ಮಾರ್ಗದರ್ಶಕರ ಒಪ್ಪಿಗೆ, ಖರ್ಚಿನ ಪಟ್ಟಿ, ವೈದ್ಯಕೀಯಕ್ಕೆ ಮರಳುವ ದಿನಾಂಕ, ಈ ನಾಲ್ಕನ್ನೂ ಪಡೆಯೋಣ. ಅವು ಸರಿಯಿದ್ದರೆ ಆ ವರ್ಷವನ್ನೂ ಓದಿನ ವರ್ಷವೆಂದೇ ಎಣಿಸಿ ನೆರವು ಮುಂದುವರಿಸೋಣ. ನಪಾಸಾದವರಿಗೂ ಹೆಚ್ಚು ಕಲಿಯಲು ನಿಂತವರಿಗೂ ನಮ್ಮ ನಿಯಮ ಒಂದೇ ಶಿಕ್ಷೆ ಕೊಡಬಾರದು.

ಅಲ್ಲಾಹನು ನಮ್ಮ ಮಕ್ಕಳಿಗೆ ಉಪಯುಕ್ತವಾದ ಇಲ್ಮ್ ಕರುಣಿಸಲಿ, ನಿಮ್ಮ ದಾನವನ್ನು ಸ್ವೀಕರಿಸಲಿ. ಆಮೀನ್. ವಸ್ಸಲಾಂ.