ರಜೆಯ ದಿನದ ಅಡಿಗೆ
(ಸಂಘದ ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ಇಂದು ಪಗಾರದ ಮಾತಿಲ್ಲ, ಬೋನಸ್ಸಿನ ಮಾತೂ ಇಲ್ಲ. ಇಂದಿನದು ಅಡಿಗೆಯ ಮಾತು. ಸಂಘದವರಿಗೆ ಬೇರೆ ವಿಷಯ ಸಿಕ್ಕಲಿಲ್ಲವೆ ಎಂದು ಹಿಂದಿನ ಸಾಲಿನಲ್ಲಿ ಕೆಲವರು ನಗುತ್ತಿರುವುದು ಕಾಣುತ್ತದೆ. ನಗಲಿ. ಮಾತು ಮುಗಿಯುವ ಹೊತ್ತಿಗೆ ಇದೂ ಸಂಘದ ಕೆಲಸವೇ ಎಂದು ಅವರೇ ಒಪ್ಪಿಯಾರು.

ಮುಂಬಯಿಗೆ ತಿಂಡಿ ಕಾಫಿ ಕೊಟ್ಟವರು ನಾವು ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಊರು ಏಳುವ ಮೊದಲೇ ಎದ್ದು ಸಾವಿರ ಜನರ ಹೊಟ್ಟೆಗೆ ದಾರಿ ಮಾಡುತ್ತೇವೆ. ಆದರೆ ನಮ್ಮ ಮಕ್ಕಳನ್ನು ಕರೆದು, "ಅಪ್ಪ ಮಾಡಿದ ಅಡಿಗೆ ಉಂಡಿದ್ದೀಯಾ ಮಗಾ?" ಎಂದು ಕೇಳಿರಿ. ಹೆಚ್ಚಿನವರು ತಾಯಿಯ ಮುಖ ನೋಡುತ್ತಾರೆ.

ಸೋಮಾರಿತನ ಇದಕ್ಕೆ ಕಾರಣವಲ್ಲ. ಹೋಟೆಲಿನಲ್ಲಿ ಕೆಲಸವನ್ನು ತುಂಡು ತುಂಡಾಗಿ ಹಂಚಿದ್ದಾರೆ. ಕಪ್ಪು ಬಸಿ ತೊಳೆಯುವವನು ವರ್ಷಗಟ್ಟಲೆ ಅದನ್ನೇ ತೊಳೆಯುತ್ತಾನೆ. ಕಾವಲಿಯ ಮುಂದೆ ನಿಂತವನಿಗೆ ಹಿಟ್ಟಿನ ಅಳತೆ ತಿಳಿಯದು. ಹಿಟ್ಟು ರುಬ್ಬುವವನಿಗೆ ಸಾಂಬಾರಿನ ಹದ ತಿಳಿಯದು; ಅದು ಹಿರಿಯ ಅಡಿಗೆಯವರ ಗುಟ್ಟು. ಎಲ್ಲ ಬಲ್ಲವನಿಗೂ ಬರುವುದು ಕೊಪ್ಪರಿಗೆಯ ಲೆಕ್ಕ. ಹತ್ತು ಕಿಲೋ ಅಕ್ಕಿಗೆ ಉದ್ದು ಎಷ್ಟೆಂದು ನಿದ್ದೆಯಲ್ಲಿಯೂ ಹೇಳುತ್ತಾನೆ. ಮನೆಯ ನಾಲ್ಕು ಜನರಿಗೆ ಮಾಡು ಎಂದರೆ ಕೈ ನಿಲ್ಲುತ್ತದೆ. ನಾಲ್ಕು ಪಾಲು ಅಕ್ಕಿಗೆ ಒಂದು ಪಾಲು ಉದ್ದು ಎಂಬುದು ಕಿಲೋಕ್ಕೂ ಸರಿ, ಲೋಟಕ್ಕೂ ಸರಿ. ಉಪ್ಪು ಖಾರಕ್ಕೆ ಮಾತ್ರ ಈ ಭಾಗಾಕಾರ ನಡೆಯುವುದಿಲ್ಲ. ಸಣ್ಣ ಪಾತ್ರೆಯಲ್ಲಿ ನೀರು ಬೇಗ ಆರುತ್ತದೆ, ನಾಲಿಗೆಯನ್ನೇ ನಂಬಬೇಕು.

ಕಳೆದ ಮಳೆಗಾಲದ ಒಂದು ಆದಿತ್ಯವಾರ ನಮ್ಮ ಚಾಳಿನಲ್ಲಿ ಮೂರು ಮನೆಯವರು ಕೂಡಿ ಅಡಿಗೆ ಮಾಡಿದೆವು. ಒಂದು ಮನೆ ನಮ್ಮ ಕರಾವಳಿಯದು, ಒಂದು ಕಲಬುರ್ಗಿ ಕಡೆಯಿಂದ ಬಂದ ಹಳೆಯ ಗಿರಣಿ ಕಾರ್ಮಿಕರದು, ಇನ್ನೊಂದು ಮರಾಠಿಯವರದು. ಒಬ್ಬರ ಮನೆಯ ಅಡಿಗೆಯನ್ನು ಇನ್ನೊಬ್ಬರು ಕಲಿಯಬೇಕು, ಅದೂ ಗಂಡಸರು ಕಲಿಯಬೇಕು ಎಂಬುದು ಕರಾರು.

ಮಳೆಗಾಲದಲ್ಲಿ ದಾದರಿನ ಪೇಟೆಗೆ ಕೆಸುವಿನ ಎಲೆ ಬರುತ್ತದಲ್ಲ, ಮರಾಠಿಯವರು ಅಳೂ ಎನ್ನುವುದು, ಅದನ್ನು ಹಿಂದಿನ ಸಂಜೆಯೇ ತಂದೆವು. ಎಲೆ ಒಂದೇ, ಅಡಿಗೆ ಎರಡು. ನಾವು ಅಕ್ಕಿ ನೆನೆಹಾಕಿ, ಒಣಮೆಣಸು, ಕೊತ್ತಂಬರಿ, ಕಾಯಿತುರಿ, ಹುಣಸೆ, ಬೆಲ್ಲ ಸೇರಿಸಿ ತರಿತರಿಯಾಗಿ ರುಬ್ಬಿ ಎಲೆಯ ಬೆನ್ನಿಗೆ ಹಚ್ಚುತ್ತೇವೆ. ಎಲೆಯ ಮೇಲೆ ಎಲೆ ಇಟ್ಟು ಸುತ್ತಿ, ಹಬೆಯಲ್ಲಿ ಬೇಯಿಸಿ ಪತ್ರೊಡೆ ಎನ್ನುತ್ತೇವೆ. ನೆರೆಮನೆಯ ಮಾವುಶಿ ಅಕ್ಕಿಯ ಬದಲು ಕಡಲೆ ಹಿಟ್ಟು ಹಚ್ಚುತ್ತಾರೆ. ಬೆಂದದ್ದನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು ಎಣ್ಣೆಯಲ್ಲಿ ಕರಿದು ಅಳೂವಡಿ ಎನ್ನುತ್ತಾರೆ. ಎರಡಕ್ಕೂ ಹುಣಸೆ ಬೇಕೇಬೇಕು, ಇಲ್ಲವಾದರೆ ಗಂಟಲು ತುರಿಸುತ್ತದೆ. ಈ ಗುಟ್ಟನ್ನು ನಮ್ಮ ಅಜ್ಜಿಯರೂ ಅವರ ಅಜ್ಜಿಯರೂ ಪರಸ್ಪರ ನೋಡದೆಯೇ ಕಂಡುಕೊಂಡಿದ್ದರು!

ಎಲೆಯ ದಪ್ಪ ನಾರನ್ನು ಹೆರೆದವರು ಗಂಡಸರು, ಹಿಟ್ಟು ಹಚ್ಚಿದವರು ಮಕ್ಕಳು. ಸುತ್ತಿದ ಸುರುಳಿ ಬಿಚ್ಚಿಕೊಂಡರೆ ಕಟ್ಟಲು ದಾರ ಬೇಕಾಯಿತು. ನಲವತ್ತು ವರ್ಷದ ಹಿಂದೆ ಮಗ್ಗದ ಮುಂದೆ ನಿಂತು ಹರಿದ ಎಳೆಗೆ ಗಂಟು ಹಾಕುತ್ತಿದ್ದ ನಮ್ಮ ಕಾಕಾ ಒಂದೇ ಕೈಯಲ್ಲಿ ಗಂಟು ಹಾಕಿ ತೋರಿಸಿದರು. ಮೊಮ್ಮಗ ಅದನ್ನೇ ಹತ್ತು ಸಲ ಹಾಕಿಸಿಕೊಂಡು ನೋಡಿದ. ಅಜ್ಜ ಗಿರಣಿಯಲ್ಲಿ ಏನು ಮಾಡುತ್ತಿದ್ದ ಎಂಬುದು ಆ ಹುಡುಗನಿಗೆ ಅಂದೇ ತಿಳಿದದ್ದು.

ಇಷ್ಟು ನಡೆದದ್ದು ಆದಿತ್ಯವಾರವಾದುದರಿಂದ. ನಮ್ಮ ರಜೆ ಸಾಮಾನ್ಯವಾಗಿ ಮಂಗಳವಾರವೋ ಬುಧವಾರವೋ ಬರುತ್ತದೆ. ಅಂದು ಮಕ್ಕಳಿಗೆ ಶಾಲೆ. ಮನೆಯಲ್ಲಿದ್ದೂ ಅಪ್ಪ ಒಬ್ಬನೇ. ಅಂದಿನ ರಜೆಗಾಗಿ ಜೊತೆಯವರೊಡನೆ ಪಾಳಿ ಬದಲಿಸಿಕೊಳ್ಳಬೇಕಾಯಿತು.

ಗಿರಣಿಯವರಿಗೆ ಆದಿತ್ಯವಾರವೇನು ಬಿಟ್ಟಿ ಸಿಕ್ಕಿತೆ? ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಕೇಳತೊಡಗಿದ ವಾರದ ರಜೆ 1890ರ ಜೂನ್ 10ರಂದು ಕೈಗೆ ಬಂತು. ಹೋಟೆಲು ನೌಕರರಿಗೂ ವಾರಕ್ಕೊಂದು ರಜೆ ಎಂದು 1948ರ ಮುಂಬಯಿ ಅಂಗಡಿ ಕಾನೂನಿನಲ್ಲಿ ಬರೆಯಲಾಯಿತು. ಅದರ ಬದಲಿಗೆ ಬಂದ 2017ರ ಕಾನೂನು ವಾರಕ್ಕೊಮ್ಮೆ 24 ತಾಸಿನ ಎಡೆಬಿಡದ ವಿಶ್ರಾಂತಿಯನ್ನು ಹೇಳುತ್ತದೆ. ಯಾವ ವಾರ ಎಂಬ ಮಾತು ಮಾತ್ರ ನಮ್ಮ ಕೈಯಲ್ಲಿಲ್ಲ.

ಆದಿತ್ಯವಾರ ಗಿರಾಕಿ ಹೆಚ್ಚು, ಎಲ್ಲರನ್ನೂ ಹೇಗೆ ಬಿಡುವುದು ಎಂದು ಮಾಲಕರು ಕೇಳುತ್ತಾರೆ. ಎಲ್ಲರನ್ನೂ ಬಿಡಿರೆಂದು ನಾವು ಹೇಳುವುದಿಲ್ಲ. ಎಂಟು ಮಂದಿ ಇರುವಲ್ಲಿ ಆದಿತ್ಯವಾರಕ್ಕೆ ಇಬ್ಬರನ್ನು ಬಿಟ್ಟರೆ ತಿಂಗಳಿಗೆ ಎಲ್ಲರಿಗೂ ಒಂದೊಂದು ಬಂತು. ಈ ಬೇಡಿಕೆಯನ್ನು ಬರೆದು ಕೊಡಬೇಕೆಂದು ಸಂಘ ಯೋಚಿಸುತ್ತಿದೆ. ಆದರೆ ರಜೆಯನ್ನು ದುಡ್ಡಿಗೆ ಬಿಟ್ಟುಕೊಡುವ ನಮ್ಮವರ ಮಾತೂ ಇದೆ. ಊರಿನ ಸಾಲ ನಮಗೂ ಗೊತ್ತು. ಅವರನ್ನು ಬಯ್ಯುವುದು ಸುಲಭ, ನಾವು ಬಯ್ಯುವುದಿಲ್ಲ. ಆದರೂ ನಾವೇ ಪ್ರತಿ ವಾರ ಮಾರುವ ದಿನವನ್ನು ಆದಿತ್ಯವಾರವೇ ಕೊಡಿರೆಂದು ಕೇಳಲು ಯಾವ ಬಾಯಿ ಉಳಿಯುತ್ತದೆ?

ಇನ್ನು ಅಕ್ಕತಂಗಿಯರ ಮಾತು. ಗಂಡ ಮನೆಯಲ್ಲಿದ್ದಾನೆ ಎಂದರೆ ಅಂದು ಅವರಿಗೆ ಎರಡರಷ್ಟು ಕೆಲಸ. ಗಿರಣಗಾಂವಿನಲ್ಲಿ ಖಾನಾವಳಿ ನಡೆಸಿ ಗಿರಣಿಯವರಿಗೆ ಉಣಬಡಿಸುತ್ತಿದ್ದ ಹೆಂಗಸರನ್ನು ಕೂಡಿಸಿ 1975ರಲ್ಲಿ ಪ್ರೇಮಾ ಪುರವ್ ಅವರು ಅನ್ನಪೂರ್ಣಾ ಮಹಿಳಾ ಮಂಡಲ ಕಟ್ಟಿದರು. ಮನೆಯ ಒಲೆಯ ಮುಂದಿನ ದುಡಿಮೆಯೂ ದುಡಿಮೆಯೇ ಎಂದು ಅವರು ತೋರಿಸಿಕೊಟ್ಟ ಮೇಲೆ ನಾವು ತಿಳಿಯದವರಂತೆ ಇರಲಾಗದು. ಆದುದರಿಂದ ಕೂಡಿ ಮಾಡುವ ಅಡಿಗೆಯ ದಿನ ರುಬ್ಬುವುದು, ಬೇಯಿಸುವುದು, ಮುಸುರೆ ತಿಕ್ಕುವುದು ಗಂಡಸರ ಪಾಲು. ತಿಕ್ಕುವುದರಲ್ಲಿ ನಮ್ಮನ್ನು ಮೀರಿಸುವವರು ಈ ಊರಿನಲ್ಲಿ ಯಾರಿದ್ದಾರೆ?

ಹೋಟೆಲಿನ ಅಟ್ಟದಲ್ಲಿ ಮಲಗುವ ಹುಡುಗರಿಗೆ ಇಲ್ಲಿ ಮನೆಯಿಲ್ಲ. ಒಂದೊಂದು ಮನೆಯವರು ಒಬ್ಬೊಬ್ಬನನ್ನು ಕರೆಯಿರಿ. ಬಂದವನು ಒಂದು ಅಡಿಗೆಯನ್ನು ಮೊದಲಿನಿಂದ ಕೊನೆಯವರೆಗೆ ಕಲಿತೇ ಹೋಗಲಿ. ಕಪ್ಪು ಬಸಿಯಿಂದ ಒಲೆಯ ಬಳಿಗೆ ಬಡ್ತಿ ಕೇಳುವಾಗ ಅವನಿಗೆ ಅದೇ ಬಂಡವಾಳ.

ಬರುವವರು ಹೆಸರನ್ನು ಕಚೇರಿಯಲ್ಲಿ ಬರೆಸಿರಿ. ಮುಂದಿನ ಸಲ ಜೋಳದ ರೊಟ್ಟಿ. ಕಲಿಸುವವರು ಕಲಬುರ್ಗಿಯ ಕಾಕೂ, ಕಲಿಯುವವರು ದೋಸೆ ಹುಯ್ಯುವವರು. ಹಿಟ್ಟು ಸಂಘದ್ದು. ಲಟ್ಟಣಿಗೆ ತರಬೇಡಿರಿ, ಅದು ಕೈಯಿಂದ ಬಡಿಯುವ ರೊಟ್ಟಿ.